ಒಂದು ಸ್ಟೇಟಸ್ಸಿಗೆ ಹುಡುಗನ ಅನ್ನ ಕಿತ್ತವನು ನಾನೇ

(ಚಳ್ಳಕೆರೆಯಲ್ಲಿ ರಾಜ್ಯೋತ್ಸವದ ತಿಂಗಳು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಓದಿ, ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಕೂತವನು. ಲಗ್ನಪತ್ರಿಕೆ, ತಿಥಿ ಕಾರ್ಡು, ಶೇಂಗಾ ಮಂಡಿಯವರ ಬಿಲ್ ಬುಕ್ಕು, ನಾಯಕನಹಟ್ಟಿ ಜಾತ್ರೆಯ ಪೋಸ್ಟರು, ಎಲೆಕ್ಷನ್ ಬಂದರೆ ಕರಪತ್ರ. ಇದೇ ನನ್ನ ಸಾಹಿತ್ಯ ಸೇವೆ! ಗೆಳೆಯರು ವೇದಿಕೆ ಹತ್ತಿಸಿ ಮಾತಾಡು ಎಂದರು. ಬಾವುಟದ ಬಗ್ಗೆ, ಅಂಗಡಿಗಳ ನಾಮಫಲಕದ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿದ್ದರೇನೋ. ನಾನು ಬೇರೆಯದನ್ನೇ ಆಡಿದೆ. ಕೆಲವರ ಮುಖ ಬಾಡಿತು. ಒಬ್ಬರು ನಡುವೆಯೇ ಎದ್ದು ಹೋದರು. ನೀವು ಅಲ್ಲಿರಲಿಲ್ಲವಾದ್ದರಿಂದ ಆಡಿದ್ದನ್ನೇ ನಿಮ್ಮ ಎದುರು ಕೂತು ಹೇಳುವ ಹಾಗೆ ಬರೆದು ಕೊಟ್ಟಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ.

2023ರ ವಿಧಾನಸಭೆ ಎಲೆಕ್ಷನ್ ನಿಮಗೆ ನೆನಪಿದೆ. ಮೇ 10ಕ್ಕೆ ಮತದಾನ. ನಮ್ಮ ಪ್ರೆಸ್ಸಿನವರಿಗೆ ಅದು ಸುಗ್ಗಿ. ಆಗ ನನ್ನಲ್ಲಿ ಡಿ.ಟಿ.ಪಿ.ಗೆ ಒಬ್ಬ ಹುಡುಗ ಇದ್ದ. ಮೊಳಕಾಲ್ಮೂರಿನ ಕಡೆಯವನು, ಮಗ್ಗದ ಮನೆಯ ಹುಡುಗ. ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ, ನೇಯ್ಗೆ ಬೇಡವೆಂದು ಕಂಪ್ಯೂಟರು ಕಲಿತವನು. ನುಡಿಯಲ್ಲಿ ಅವನ ಬೆರಳು ಓಡುವುದನ್ನು ನೋಡಬೇಕಿತ್ತು! ಒತ್ತಕ್ಷರ, ಅರ್ಕಾವತ್ತು, ಯಾವುದರಲ್ಲೂ ತಪ್ಪಿಲ್ಲ. ರಾಯದುರ್ಗದ ಗಡಿ ಹತ್ತಿರದವನಾದ್ದರಿಂದ ತೆಲುಗೂ ಬರುತ್ತಿತ್ತು. ಗಡಿಯಾಚೆಯ ಗಿರಾಕಿಯ ತೆಲುಗು ಕಾರ್ಡನ್ನೂ ಅವನೇ ಮಾಡುತ್ತಿದ್ದ.

ಆ ಎಲೆಕ್ಷನ್ನಿನಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ನನ್ನಲ್ಲಿ ಕರಪತ್ರ ಮಾಡಿಸಿದರು. ಯಾರು, ಯಾವ ಪಕ್ಷ ಎಂದು ಹೇಳುವುದಿಲ್ಲ. ಹೇಳಿದರೆ ಮಾತು ಅಲ್ಲಿಗೇ ತಿರುಗುತ್ತದೆ. ಕರಪತ್ರ ಊರೂರಿಗೆ ಹಂಚಿಯಾಯಿತು. ಎರಡು ದಿನ ಬಿಟ್ಟು ಹುಡುಗ ಅದರ ಫೋಟೋ ತೆಗೆದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಒಂದೇ ಸಾಲು: ‘ಇದನ್ನು ಟೈಪ್ ಮಾಡಿದ್ದು ನಾನೇ. ನಮ್ಮೂರಿಗೆ ನೀರು ಬರುತ್ತದೆ ಎಂದು ಹೋದ ಸಲವೂ ಹೀಗೇ ಅಚ್ಚಾಗಿತ್ತು.’

ಅಷ್ಟೇ. ಬೈಗುಳವಿಲ್ಲ, ಜಾತಿ ಮಾತಿಲ್ಲ, ಗುಟ್ಟು ಬಯಲು ಮಾಡಿದ್ದೂ ಇಲ್ಲ. ಮನೆಮನೆಗೆ ಹಂಚಿದ ಕರಪತ್ರದಲ್ಲಿ ಗುಟ್ಟೆಲ್ಲಿಂದ ಬರಬೇಕು? ಅವನ ನಂಬರು ಇಟ್ಟುಕೊಂಡಿದ್ದ ನೂರು ಚಿಲ್ಲರೆ ಜನ ನೋಡುವಂಥದ್ದು, ಮರುದಿನ ತಾನಾಗಿ ಅಳಿಸಿಹೋಗುವಂಥದ್ದು. ಆದರೆ ಆ ನೂರು ಜನರಲ್ಲಿ ಒಬ್ಬ ಪುಣ್ಯಾತ್ಮ ಸ್ಕ್ರೀನ್‌ಶಾಟ್ ಹೊಡೆದು ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸಿದ.

ರಾತ್ರಿ ಹತ್ತೂವರೆಗೆ ನನ್ನ ಫೋನು ಬಡಿದುಕೊಂಡಿತು. ‘ನಮ್ಮ ದುಡ್ಡಲ್ಲಿ ಉಂಡು ನಮ್ಮ ಮೇಲೇ ಉಗಿಯೋ ಹುಡುಗನ್ನ ಇಟ್ಕೊಂಡಿದ್ದೀಯಾ?’ ಅವರಿಂದ ಬಾಕಿ ಬರಬೇಕಾದ ಬಿಲ್ಲು ಒಂದು ಲಕ್ಷದ ಹತ್ತಿರ ಇತ್ತು. ಪೇಪರ್ ಅಂಗಡಿಯವನಿಗೆ ನಾನು ಕೊಡಬೇಕಾದದ್ದೂ ಇತ್ತು. ಬೆಳಿಗ್ಗೆ ಹುಡುಗ ಬಂದು ಕಂಪ್ಯೂಟರ್ ಆನ್ ಮಾಡುವ ಮೊದಲೇ ಹೇಳಿದೆ: ‘ನಾಳೆಯಿಂದ ಬರಬೇಡ.’ ಅವನು ‘ಅಣ್ಣಾ, ಅಳಿಸಿಬಿಡ್ತೀನಿ’ ಎಂದ. ನಾನು ಆ ತಿಂಗಳ ಲೆಕ್ಕ ನೋಡಿ ಕೈಗೆ ದುಡ್ಡು ಕೊಟ್ಟೆ. ಯಾಕೆ ಬರೆದೆ ಎಂದು ಕೇಳಲಿಲ್ಲ. ಬರೆದದ್ದು ನಿಜವೋ ಸುಳ್ಳೋ ಎಂದೂ ಕೇಳಲಿಲ್ಲ.

ಇದಾಗಿ ಎರಡು ವಾರ ಕಳೆದಿರಬೇಕು. ಪತ್ರಿಕೆಯಲ್ಲಿ ನಮ್ಮ ಜಿಲ್ಲೆಯದೇ ಒಂದು ಸುದ್ದಿ ಬಂತು. ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು ಅಮಾನತಾಗಿದ್ದರು. ಅವರು ಫೇಸ್‌ಬುಕ್ಕಿನಲ್ಲಿ ಒಂದು ಪಟ್ಟಿ ಹಾಕಿದ್ದರು. ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯ ಎಷ್ಟು ಸಾಲ ಮಾಡಿತು ಎಂಬ ಪಟ್ಟಿ. ಎಸ್.ಎಂ. ಕೃಷ್ಣ ಅವರ ಕಾಲದ್ದು 3,590 ಕೋಟಿ ಎಂದು ಶುರುವಾಗಿ ಸಿದ್ದರಾಮಯ್ಯನವರ ಮೊದಲ ಅವಧಿಯದು 2,42,000 ಕೋಟಿ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಬಿಟ್ಟಿ ಭಾಗ್ಯಗಳ ಮೇಲೆ ಒಂದು ಚುಚ್ಚು ಮಾತೂ ಇತ್ತು. ಲೆಕ್ಕ ಅವರದು. ಸರಿಯಿದ್ದರೆ ಸರಿ, ತಪ್ಪಿದ್ದರೆ ಸರ್ಕಾರದವರು ತಪ್ಪು ಎಂದು ತೋರಿಸಬಹುದಿತ್ತು. ತೋರಿಸಲಿಲ್ಲ. 2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಮುಖ್ಯಮಂತ್ರಿಗಳ ಪ್ರಮಾಣವಚನ ನಡೆಯಿತು. ಅದೇ ದಿನ ಇಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯಿಂದ ಮೇಷ್ಟ್ರ ಅಮಾನತು. ಎಂಥ ಚುರುಕು ಆಡಳಿತ ನೋಡಿ! ನಮ್ಮ ಊರಿನ ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಲು ಯುಗಾದಿಯಿಂದ ದೀಪಾವಳಿ ಆಗುತ್ತದೆ.

ಪತ್ರಿಕೆ ಕೈಯಲ್ಲಿ ಹಿಡಿದು ನಾನು ಪ್ರೆಸ್ಸಿನಲ್ಲೇ ಕೂಗಾಡಿದೆ. ಇದೆಂಥ ಅನ್ಯಾಯ, ಮೇಷ್ಟ್ರು ಬಾಯಿ ಬಿಡಬಾರದೇ, ಇದು ಪ್ರಜಾಪ್ರಭುತ್ವವೇ ಎಂದು. ಅಪ್ಪನ ಕಾಲದಿಂದ ಇರುವ ನಮ್ಮ ಮಿಷಿನ್ ಮನುಷ್ಯ, ಟ್ರೆಡಲ್ ತುಳಿದು ಮಂಡಿ ಸವೆಸಿಕೊಂಡವನು, ಕೈಗೆ ಅಂಟಿದ ಮಸಿ ಒರೆಸಿಕೊಳ್ಳುತ್ತಾ ಹೇಳಿದ: ‘ಏನಪ್ಪಾ ಯಜಮಾನ, ಆ ಮೇಷ್ಟ್ರಿಗೆ ಕೂತರೂ ಅರ್ಧ ಸಂಬಳ ಬರುತ್ತೆ. ನಮ್ಮ ಹುಡುಗನಿಗೆ?’

ಅವನು ಮತ್ತೆ ಮಿಷಿನ್ನಿನ ಕಡೆ ತಿರುಗಿದ. ನಾನು ಪತ್ರಿಕೆ ಮಡಚಿಟ್ಟೆ.

ಬಂಧುಗಳೇ, ಆಮೇಲೆ ನಾನು ಈ ವಿಷಯವನ್ನು ಬಲ್ಲವರಲ್ಲಿ ಕೇಳಿದೆ, ಪುಸ್ತಕ ತಿರುವಿದೆ. ಮುದುಕ ಹೇಳಿದ್ದು ಅಕ್ಷರಕ್ಷರ ನಿಜ. ಅಮಾನತು ಎಂದರೆ ಕೆಲಸ ಹೋದಂತಲ್ಲ. ಜೀವನಾಂಶ ಭತ್ಯೆ ಇದೆ, ದೋಷಾರೋಪ ಪಟ್ಟಿ ಕೊಡಬೇಕು, ವಿಚಾರಣೆ ನಡೆಸಬೇಕು. ಸರ್ಕಾರಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡಬಾರದೆಂದು ಸಂವಿಧಾನದ 311ನೇ ವಿಧಿಯೇ ಹೇಳುತ್ತದೆ. ಹಾಗೆಂದು ಸರ್ಕಾರಿ ನೌಕರರು ಸುಖವಾಗಿದ್ದಾರೆ ಎಂದಲ್ಲ. ಸರ್ಕಾರವನ್ನು ಟೀಕಿಸಬಾರದೆಂಬ ನಡತೆ ನಿಯಮ ಅವರ ತಲೆಯ ಮೇಲೆ ತೂಗುತ್ತಲೇ ಇರುತ್ತದೆ. 2021ರಲ್ಲಿ ಹೊಸ ನಡತೆ ನಿಯಮ ಬಂತು. ಆಗ ಯಡಿಯೂರಪ್ಪನವರ ಸರ್ಕಾರ. 2023ರಲ್ಲಿ ಸರ್ಕಾರ ಬದಲಾಯಿತು, ನಿಯಮ ಬದಲಾಗಲಿಲ್ಲ. ಬಾಯಿ ಮುಚ್ಚಿಸುವ ವಿಷಯದಲ್ಲಿ ಎಲ್ಲ ಪಕ್ಷದವರೂ ಅಣ್ಣತಮ್ಮಂದಿರು.

ಆದರೆ ನೌಕರಿಗೆ ಸೇರಿದ ಕೂಡಲೇ ನಾಲಗೆಯನ್ನು ಖಜಾನೆಯಲ್ಲಿ ಜಮಾ ಮಾಡಬೇಕಿಲ್ಲ. ತ್ರಿಪುರದಲ್ಲಿ ಮೀನುಗಾರಿಕೆ ಇಲಾಖೆಯ ಒಬ್ಬ ಮಹಿಳಾ ನೌಕರರನ್ನು, ನಿವೃತ್ತಿಗೆ ಕೆಲವೇ ದಿನವಿದ್ದಾಗ, ರಾಜಕೀಯ ಸಭೆಗೆ ಹೋದರು, ಫೇಸ್‌ಬುಕ್ಕಿನಲ್ಲಿ ಬರೆದರು ಎಂದು 2018ರಲ್ಲಿ ಅಮಾನತು ಮಾಡಿದ್ದರು. 2020ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು ಅವರ ಪರ ನಿಂತಿತು. ಸರ್ಕಾರಿ ನೌಕರಳಾದ ಮಾತ್ರಕ್ಕೆ ವಾಕ್ ಸ್ವಾತಂತ್ರ್ಯ ಹೋಗುವುದಿಲ್ಲ, ನಿಯಮದ ಮಿತಿಯೊಳಗೆ ತನ್ನ ನಂಬಿಕೆಯನ್ನು ಆಕೆ ಹೇಳಿಕೊಳ್ಳಬಹುದು ಎಂದಿತು.

ಇದೆಲ್ಲ ಸರ್ಕಾರಿ ನೌಕರರ ಮಾತಾಯಿತು. ನನ್ನ ಹುಡುಗನಂಥವರಿಗೆ? ಸಂವಿಧಾನದ 19ನೇ ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ, ನನ್ನಂಥ ಮಾಲೀಕನ ಕೈಯನ್ನು ಅಷ್ಟಾಗಿ ಕಟ್ಟುವುದಿಲ್ಲ. ಐ.ಟಿ. ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಕಿತ್ತೊಗೆಯಿತು, ನಾವೆಲ್ಲ ಖುಷಿಪಟ್ಟೆವು. ಆ ಕಲಮಿನಡಿ ಜೈಲಿಗೆ ಹಾಕುವುದು ತಪ್ಪಿತು. ಕೆಲಸದಿಂದ ಹಾಕುವುದಕ್ಕೆ ಕಲಮು ಯಾಕೆ ಬೇಕು? ‘ನಾಳೆಯಿಂದ ಬರಬೇಡ’ ಎಂಬ ಎರಡು ಪದ ಸಾಕು. ನಾನೇ ಹೇಳಿದ್ದೇನಲ್ಲ!

ನಮ್ಮ ಕಸುಬಿನ ಒಂದು ಮಾತು ಹೇಳಿಬಿಡುತ್ತೇನೆ. ಎಲೆಕ್ಷನ್ ಕರಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ವಿಳಾಸ, ಪ್ರಕಾಶಕರ ಹೆಸರು ಇರುವುದನ್ನು ನೀವು ನೋಡಿರಬಹುದು. ಅದು ಜಾಹೀರಾತಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಹಾಕಲೇಬೇಕು. ಇಬ್ಬರು ಪರಿಚಿತರ ಸಾಕ್ಷಿ ಸಹಿ ಇರುವ ಘೋಷಣೆ ಪಡೆಯಬೇಕು, ಪ್ರತಿ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆಡಿದ ಮಾತಿಗೆ ಆಡಿದವನ ಹೆಸರಿರಲಿ ಎಂಬುದು ಇದರ ತಿರುಳು. ಹುಡುಗ ಮಾಡಿದ್ದೂ ಅದನ್ನೇ ಅಲ್ಲವೇ? ತನ್ನ ಹೆಸರಿನಲ್ಲಿ, ತನ್ನ ಫೋನಿನಲ್ಲಿ, ತಾನೇ ಟೈಪ್ ಮಾಡಿದೆನೆಂದು ಒಪ್ಪಿಕೊಂಡು ಬರೆದ. ನನ್ನ ಪ್ರೆಸ್ಸಿನ ಹೆಸರು ಎಳೆದಿರಲಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ. ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಅಲ್ಲಿ ಬೆಳಕಿಗೆ ತಂದರು. ಶಾಲೆಯಲ್ಲಿ ಓದಿದ್ದೇವೆ, ಹೋಗಿ ನೋಡಿದವರು ಕಡಿಮೆ. ಸುವರ್ಣಗಿರಿಯಿಂದ ರಾಜಕುಮಾರನ ಕಡೆಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಈಗಿನ ಮಾತಿನಲ್ಲಿ ಪಕ್ಕಾ ಸರ್ಕಾರಿ ಸುತ್ತೋಲೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯ ದಿಕ್ಕಿನ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದುವಂಥದ್ದು. ನಮ್ಮ ಬಂಡೆಗಾಡಿನಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಸಾಮ್ರಾಟನ ಆಜ್ಞೆಯ ಕೆಳಗೆ ಒಬ್ಬ ನೌಕರ ತನ್ನ ಖುಷಿಗೆ ಹಾಕಿಕೊಂಡ ಸ್ಟೇಟಸ್ಸು ಅದು ಎಂದು ನನಗನ್ನಿಸುತ್ತದೆ. ಎರಡು ಸಾವಿರದ ಇನ್ನೂರು ವರ್ಷ ಮೀರಿದರೂ ಅಳಿಸಿಲ್ಲ. ಪ್ರೆಸ್ಸಿನವನಾದ ನನಗೆ ಆ ಚಪಡನ ಮೇಲೆ ಪ್ರೀತಿ.

ಈಗ ಸಭೆಯಲ್ಲಿ ಮುಖ ಬಾಡಿಸಿದ ಮಾತಿಗೆ ಬರುತ್ತೇನೆ.

ನಾವು ಕನ್ನಡದವರು ಈಗ ಹೊಸದೊಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಯಾರೋ ಎಲ್ಲಿಂದಲೋ ಬಂದವರು ಕನ್ನಡವನ್ನು, ಬೆಂಗಳೂರನ್ನು ಹೀಯಾಳಿಸಿ ವಿಡಿಯೋ ಹಾಕುತ್ತಾರೆ. ಕೋಪ ಬರುತ್ತದೆ, ನನಗೂ ಬರುತ್ತದೆ. ಆದರೆ ನಮ್ಮ ಮೊದಲ ಕೂಗು ಏನು? ‘ಇವರು ಯಾವ ಕಂಪನಿ? ಕೆಲಸದಿಂದ ತೆಗೆಯಿರಿ!’ 2024ರ ಸೆಪ್ಟೆಂಬರಿನಲ್ಲಿ ಒಬ್ಬ ಯುವತಿ, ಉತ್ತರದವರು ಹೊರಟುಹೋದರೆ ಬೆಂಗಳೂರು ಖಾಲಿಯಾಗುತ್ತದೆ ಎಂದು ವಿಡಿಯೋ ಮಾಡಿದ್ದಳು. ಅಹಂಕಾರದ ಮಾತು, ಸಂಶಯವಿಲ್ಲ. ಪ್ರತಿಭಟನೆಯಾಯಿತು, ಆಕೆ ಕ್ಷಮೆ ಕೇಳಿದಳು. ಕಂಪನಿ ಕೆಲಸದಿಂದ ತೆಗೆಯಿತೆಂದು ಪತ್ರಿಕೆಗಳಲ್ಲಿ ಬಂತು. ನಮ್ಮ ಗುಂಪುಗಳಲ್ಲಿ ಹಬ್ಬವೋ ಹಬ್ಬ.

ಅದಕ್ಕೆ ಎರಡು ತಿಂಗಳ ಹಿಂದೆ ಏನಾಗಿತ್ತು ನೆನಪು ಮಾಡಿಕೊಳ್ಳಿ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ದೊಡ್ಡ ಕಂಪನಿಗಳು ಗದ್ದಲ ಎಬ್ಬಿಸಿದವು, ಎರಡೇ ದಿನಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ಆಗ ಫೋನ್‌ಪೇ ಕಂಪನಿಯ ಮುಖ್ಯಸ್ಥ ಸಮೀರ್ ನಿಗಮ್ ಅವರೂ ಮಸೂದೆಯನ್ನು ಜರಿದು ಪೋಸ್ಟ್ ಹಾಕಿದರು. ನಾವು ಬಹಿಷ್ಕಾರ ಎಂದೆವು, ಅವರು ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಿತು. ಅವರ ಕುರ್ಚಿ ಅಲುಗಿತೇ? ಪೋಸ್ಟ್ ಒಂದೇ ಥರದ್ದು, ಕ್ಷಮೆಯೂ ಒಂದೇ ಥರದ್ದು. ಮಾಲೀಕನಿಗೆ ಕ್ಷಮೆ ಸಾಕು, ಕೂಲಿಯವನಿಗೆ ಕ್ಷಮೆ ಕೇಳಿದ ಮೇಲೂ ಅನ್ನ ಹೋಗುತ್ತದೆ. ನಮ್ಮ ಕೂಗು ಯಾರ ತಲೆಗೆ ತಗಲುತ್ತಿದೆ ನೋಡಿಕೊಳ್ಳಿ.

ಹಳೆಯದೂ ಒಂದಿದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಎಂಬರ್ಥದ ಮಾತಾಡಿದರು. ರಾಜ್ಯ ಹೊತ್ತಿಕೊಂಡಿತು. ಅರಸರ ಸಂಪುಟದಿಂದ ಅವರು ಹೊರಗೆ ಬರಬೇಕಾಯಿತು. ಕನ್ನಡದ ಹೆಸರಿನಲ್ಲಿ ಏಟು ತಿಂದವರು ಯಾರು? ದಲಿತ ವಿದ್ಯಾರ್ಥಿಗಳು. ಅವರೂ ಕನ್ನಡದ ಮಕ್ಕಳೇ ಆಗಿದ್ದರು. ದಲಿತ ಚಳವಳಿ ಕಾವು ಪಡೆದದ್ದು ಆ ಗಾಯದಿಂದ. ಒಂದು ಮಾತಿಗೆ ಒಂದು ಪದವಿ ಕಿತ್ತುಕೊಂಡು ನಾವು ಆವತ್ತು ಕನ್ನಡಕ್ಕೆ ಏನು ಗಳಿಸಿದೆವು, ಯಾರಾದರೂ ಲೆಕ್ಕ ಕೊಡಿ.

ಹಾಗಾದರೆ ಯಾರು ಏನು ಬರೆದರೂ ಸುಮ್ಮನಿರಬೇಕೇ ಎಂದು ಸಭೆಯಲ್ಲಿ ಒಬ್ಬ ತರುಣ ಕೇಳಿದ. ಇಲ್ಲಪ್ಪಾ. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಬಂದು ಊರೆಲ್ಲ ಬಾಗಿಲು ಹಾಕಿದ್ದಾಗ, ಬೆಂಗಳೂರಿನ ಇನ್ಫೋಸಿಸ್ ನೌಕರನೊಬ್ಬ ಹೊರಗೆ ಹೋಗಿ ಸೀನೋಣ, ವೈರಸ್ ಹರಡೋಣ ಎಂದು ಬರೆದ. ಕಂಪನಿ ತೆಗೆದುಹಾಕಿತು, ಪೊಲೀಸರು ಹಿಡಿದರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಒಬ್ಬ, ಹೆಣ್ಣುಮಗಳೊಬ್ಬಳ ಬಟ್ಟೆ ಸರಿಯಿಲ್ಲವೆಂದು ಮುಖಕ್ಕೆ ಆಸಿಡ್ ಹಾಕುವ ಬೆದರಿಕೆಯ ಸಂದೇಶ ಕಳಿಸಿದ. ಅವನ ಕೆಲಸವೂ ಹೋಯಿತು. ಇವರಿಬ್ಬರಿಗಾಗಿ ನಾನು ಕಣ್ಣೀರು ಹಾಕುವುದಿಲ್ಲ. ಆಸಿಡ್ ಹಾಕುತ್ತೇನೆ ಎನ್ನುವವನ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರ ಮಗಳು ಕೂತು ಕೆಲಸ ಮಾಡಬೇಕಲ್ಲ! ಆದರೆ ಬೆದರಿಕೆ ಬೇರೆ, ಅಭಿಪ್ರಾಯ ಬೇರೆ. ನೀರು ಬರಲಿಲ್ಲ ಎನ್ನುವುದು ಬೇರೆ, ಸಾಲ ಜಾಸ್ತಿಯಾಯಿತು ಎನ್ನುವುದು ಬೇರೆ, ನಿಮ್ಮ ಊರು ನನಗೆ ಹಿಡಿಸಲಿಲ್ಲ ಎನ್ನುವುದೂ ಬೇರೆ. ಕೊನೆಯವನಿಗೆ ಉತ್ತರ ಕೊಡಲು ನಮಗೆ ಬಾಯಿಲ್ಲವೇ?

ನಮ್ಮ ಶಕ್ತಿ ಹಾಕಬೇಕಾದ ಜಾಗ ಬೇರೆಯೇ ಇದೆ. ಹೇಳುತ್ತೇನೆ ಕೇಳಿ.

ಹುಡುಗ ಬೆಂಗಳೂರಿಗೆ ಹೋಗಿ ಒಂದು ಗೋದಾಮಿನಲ್ಲಿ ಸೇರಿಕೊಂಡ. ಹಬ್ಬಕ್ಕೆ ಊರಿಗೆ ಬಂದಾಗ ಎದುರಾದ. ನನ್ನ ಮುಖ ನೋಡಲು ನನಗೇ ನಾಚಿಕೆ, ಅವನೇ ಮಾತಾಡಿಸಿದ. ನೇಮಕಾತಿ ಪತ್ರವನ್ನು ಫೋನಿನಲ್ಲಿ ತೋರಿಸಿದ. ಪುಟಗಟ್ಟಲೆ ಇಂಗ್ಲಿಷು. ನಡುವೆ ಒಂದು ಕಲಮು, ನಾನು ಡಿಕ್ಷನರಿ ಹಿಡಿದು ಓದಿದೆ: ಸ್ವಂತ ಖಾತೆಯಲ್ಲಿ ಹಾಕಿದ್ದರಿಂದ ಕಂಪನಿಯ ಹೆಸರಿಗೆ ಧಕ್ಕೆಯಾಯಿತೆಂದು ಕಂಪನಿಗೆ ಅನ್ನಿಸಿದರೆ ಸಾಕು, ತೆಗೆಯಬಹುದು. ‘ಸಹಿ ಹಾಕುವಾಗ ಓದಿದೆಯಾ?’ ಎಂದೆ. ‘ಯಾರಣ್ಣಾ ಓದ್ತಾರೆ, ಎಲ್ಲಿ ಹಾಕಬೇಕು ಅಂತ ಬೆರಳು ತೋರಿಸಿದರು, ಹಾಕಿದೆ’ ಎಂದ. ನುಡಿಯಲ್ಲಿ ಒಂದು ಒತ್ತಕ್ಷರ ತಪ್ಪದ ಹುಡುಗ ತನ್ನ ಅನ್ನದ ಪತ್ರಕ್ಕೆ ಓದದೆ ಸಹಿ ಹಾಕಿದ!

1946ರ ಸ್ಥಾಯಿ ಆದೇಶಗಳ ಕಾಯ್ದೆ ಎಂದು ಒಂದಿತ್ತು. ಕಾರ್ಖಾನೆಯ ಕೆಲಸದ ಷರತ್ತುಗಳನ್ನು, ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆಸಿ, ಅವರು ಒಳಬರುವ ಬಾಗಿಲ ಹತ್ತಿರ ಬೋರ್ಡಿನಲ್ಲಿ ಹಾಕಬೇಕೆಂದು ಅದರ 9ನೇ ಕಲಮು ಹೇಳುತ್ತಿತ್ತು. ಎಂಥ ಒಳ್ಳೆಯ ಮಾತು! ಎಷ್ಟು ಕಡೆ ಕನ್ನಡದ ಬೋರ್ಡು ನೋಡಿದ್ದೀರಿ? ಐ.ಟಿ. ಕಂಪನಿಗಳಿಗಂತೂ ನಮ್ಮ ರಾಜ್ಯ ಸರ್ಕಾರವೇ ಈ ಕಾನೂನಿನಿಂದ ವಿನಾಯಿತಿ ಕೊಡುತ್ತಾ ಬಂತು, 2024ರಲ್ಲೂ ಮುಂದುವರಿಸಿತು. 2025ರ ನವೆಂಬರ್ 21ರಿಂದ ಆ ಹಳೆಯ ಕಾನೂನಿನ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಿಂದೆ ಕೇಂದ್ರದ ಕಾನೂನು 100 ಜನ ಇರುವ ಕಾರ್ಖಾನೆಗೆ ಅನ್ವಯಿಸುತ್ತಿತ್ತು, ಈಗ 300 ಜನ ಇರಬೇಕು. ಷರತ್ತುಗಳು ಯಾವ ಭಾಷೆಯಲ್ಲಿರಬೇಕು ಎಂಬುದನ್ನು ಸರ್ಕಾರ ಮಾಡುವ ನಿಯಮಕ್ಕೆ ಬಿಟ್ಟಿದ್ದಾರೆ.

ಕನ್ನಡದ ಹೋರಾಟ ಅಲ್ಲಿಗೆ ಹೋಗಬೇಕು ಸ್ವಾಮಿ. ನೇಮಕಾತಿ ಪತ್ರ ಕನ್ನಡದಲ್ಲಿ ಬೇಕು, ನೋಟಿಸು ಕನ್ನಡದಲ್ಲಿ ಬೇಕು, ತೆಗೆಯುವ ಮೊದಲು ಅವನ ಮಾತನ್ನು ಅವನ ಭಾಷೆಯಲ್ಲಿ ಕೇಳಬೇಕು. ಯಾರೋ ಒಬ್ಬಳ ವಿಡಿಯೋ ಹಿಡಿದು ಅವಳ ಕಂಪನಿಯ ಬಾಗಿಲಿಗೆ ಹೋಗುವ ನಾವು, ನಮ್ಮ ಹುಡುಗರು ಓದಲಾಗದೆ ಸಹಿ ಹಾಕುವ ಬಾಗಿಲಿಗೆ ಯಾಕೆ ಹೋಗಿಲ್ಲ? ಇನ್ನೊಂದು ಯೋಚನೆ ಮಾಡಿ. ಪೋಸ್ಟಿಗೆ ಕೆಲಸ ತೆಗೆಯಬಹುದು ಎಂದು ನಾವೇ ಕಂಪನಿಗಳಿಗೆ ಕಲಿಸಿಕೊಟ್ಟರೆ, ನಾಳೆ ನಮ್ಮ ಹುಡುಗ ‘ಇಲ್ಲಿ ಕನ್ನಡ ಮಾತಾಡಲು ಬಿಡುತ್ತಿಲ್ಲ’ ಎಂದು ಬರೆದಾಗ ಅದೇ ಕಲಮು ಅವನ ಮೇಲೆ ತಿರುಗುವುದಿಲ್ಲವೇ?

ಅವನನ್ನು ತೆಗೆದ ಮೇಲೆ ಒಮ್ಮೆ ಅವನ ಮನೆಗೆ ಹೋಗಿದ್ದೆ. ತಾಯಿ ಕಂಡಿಕೆ ಸುತ್ತುತ್ತಿದ್ದರು. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಕುಡಿಯಲು ನೀರು ಕೊಟ್ಟು, ‘ಅವನು ಬರೆದಿದ್ದು ಸುಳ್ಳಾ ಅಣ್ಣಾ? ಅಷ್ಟು ಹೇಳು’ ಎಂದರು. ಚೊಂಬಿನಲ್ಲಿದ್ದದ್ದು ಟ್ಯಾಂಕರಿನ ನೀರು. ಸುಳ್ಳಲ್ಲ ಕಣಮ್ಮ ಎಂದೆ. ವಾಪಸ್ ಕಳಿಸಿ ಎಂದು ಕೇಳುವ ಮುಖ ನನಗಿರಲಿಲ್ಲ. ಅಷ್ಟರಲ್ಲಿ ಅವನ ಜಾಗಕ್ಕೆ ಇನ್ನೊಂದು ಹುಡುಗಿ ಬಂದಿದ್ದಳು. ಅವಳನ್ನು ತೆಗೆದು ಇವನನ್ನು ತರುವುದು ಇನ್ನೊಂದು ಅನ್ಯಾಯ. ಹಾ, ಆ ಒಂದು ಲಕ್ಷದ ಬಿಲ್ಲು! ಅದರಲ್ಲಿ ಅರ್ಧ ಇನ್ನೂ ಬಂದಿಲ್ಲ.

ಈಗ ನನ್ನ ಪ್ರೆಸ್ಸಿನಲ್ಲಿ ಇರುವವರು ನಾಲ್ಕು ಜನ. ಯಾವ ಕಾನೂನೂ ನನ್ನನ್ನು ಕೇಳುವುದಿಲ್ಲ. ಆದರೂ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದೇನೆ. ಗಿರಾಕಿಯ ಕೆಲಸ ಹೊರಗೆ ಹಂಚಿಕೆಯಾಗುವ ಮೊದಲು ಫೋಟೋ ಹಾಕಬಾರದು. ಪ್ರೆಸ್ಸಿನ ಹೆಸರಿನಲ್ಲಿ ಮಾತಾಡಬಾರದು. ನಿಮ್ಮ ಹೆಸರಿನಲ್ಲಿ ನಿಮಗೆ ತೋಚಿದ್ದನ್ನು ಬರೆದುಕೊಳ್ಳಿ. ದೂರು ಬಂದರೆ ದೂರು ಕೊಟ್ಟವರ ಎದುರಿಗೇ ನಿಮ್ಮ ಮಾತು ಕೇಳುತ್ತೇನೆ. ಮಿಷಿನ್ ಮನುಷ್ಯ ಅದನ್ನು ಓದಿ, ‘ಮೂರನೇ ಸಾಲಲ್ಲಿ ಒಂದು ಕೊಂಬು ಬಿಟ್ಟಿದೆ’ ಎಂದ. ತಿದ್ದಿ ಮತ್ತೆ ಅಂಟಿಸಿದೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಯಾರಿಗಾದರೂ ಒಂದು ಪೋಸ್ಟಿನ ಕಾರಣಕ್ಕೆ ಕಂಪನಿಯಿಂದ ಇಂಗ್ಲಿಷ್ ನೋಟಿಸು ಬಂದಿದ್ದರೆ ತೆಗೆದುಕೊಂಡು ಬನ್ನಿ. ಅರ್ಥ ಮಾಡಿಸಲು ಒಬ್ಬ ವಕೀಲ ಗೆಳೆಯರು ಒಪ್ಪಿದ್ದಾರೆ, ಉತ್ತರವನ್ನು ಕನ್ನಡದಲ್ಲಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಕಾಸು ಬೇಡ. ಭಾನುವಾರ ಬಿಟ್ಟು ಬೆಳಿಗ್ಗೆ ಹತ್ತರ ಮೇಲೆ ಪ್ರೆಸ್ಸಿನಲ್ಲಿ ಇರುತ್ತೇನೆ.